ಮಾಲತಿ ಬಿಟ್ಟುಬಂದ ಮನೆ, ಅನಿತಾ ಬಿಟ್ಟುಹೋದ ಮನೆ

ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರಲ್ಲಿ ಕನ್ನಡದಲ್ಲಿ ಬಂತು. ಶ್ರೀನಾಥ್ ಪೇರೂರ್ ಇಂಗ್ಲಿಷಿಗೆ ತಂದ ಮೇಲೆ ಕನ್ನಡ ಬಾರದ ನನ್ನ ಗೆಳೆಯರೂ ಓದಿದರು. ದಿಢೀರ್ ದುಡ್ಡು ಬಂದು ಕೆಟ್ಟ ಕುಟುಂಬದ ಕತೆ ಅಂತಲೇ ಎಲ್ಲರೂ ಹೇಳೋದು. ನನಗೆ ಮಾತ್ರ ಈ ಕಿರುಕಾದಂಬರಿ ಕೇಳುವ ದೊಡ್ಡ ಪ್ರಶ್ನೆ ಬೇರೆ: ಸ್ವತಂತ್ರ ಹೆಣ್ಣು ಅಂದ್ರೆ ಯಾರು?

ನಿರೂಪಕನ ಅಕ್ಕ ಮಾಲತಿಯನ್ನೇ ನೋಡಿ. ಗಂಡನನ್ನು ಬಿಟ್ಟು ಬಂದಿದ್ದಾಳೆ, ಯಾರಿಗೂ ಹೆದರೋದಿಲ್ಲ. ಪುಂಡರನ್ನು ಕರ್ಕೊಂಡು ಹೋಗಿ ಗಂಡನ ಮನೆಯಿಂದ ಒಡವೆ ತರ್ತಾಳೆ. ಮೇಲ್ನೋಟಕ್ಕೆ ಇವಳೇ ಸ್ವತಂತ್ರೆ. ಆದರೆ ಆ ಧೈರ್ಯದ ಬಂಡವಾಳ ಅವಳದ್ದಲ್ಲ, ಚಿಕ್ಕಪ್ಪ ವೆಂಕಟಾಚಲನ ಸೋನಾ ಮಸಾಲಾದ್ದು. ಅದಕ್ಕೇ ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬಂದಾಗ, ಅವಳನ್ನು ಬೈದು ಅಟ್ಟುವವರು ಅಮ್ಮ ಮತ್ತು ಇದೇ ಮಾಲತಿ. ಪ್ರೀತಿಯಿಂದ ಮಾಡಿ ತಂದ ಅಡುಗೆ ನೆಲದ ಪಾಲಾಗುತ್ತದೆ.

ತ್ಯಾವಣಿಗೆಯ ನಮ್ಮ ಮನೆಯಲ್ಲೂ 'ಮನೆ ಮಾತು ಹೊಸ್ತಿಲು ದಾಟಬಾರದು' ಅಂತ ಕಾವಲು ಕಾಯೋರು ಹೆಂಗಸರೇ ಆಗಿದ್ದರು. ಮಾನ ಮನೆಯದ್ದು, ಕಾವಲು ಹೆಂಗಸರದ್ದು. ಈ ಕೆಲಸಕ್ಕೆ ಒಲ್ಲೆ ಅನ್ನುವವಳು ಸೊಸೆ ಅನಿತಾ. ಅವಳಿಗೂ ಸಂಬಳವಿಲ್ಲ. ಆದರೂ ಕೆಲಸ ಮಾಡದೆ ಡೈರೆಕ್ಟರ್ ಅನ್ನಿಸಿಕೊಂಡು ಚಿಕ್ಕಪ್ಪನ ದುಡ್ಡಲ್ಲಿ ಬದುಕುವ ಗಂಡನನ್ನು ನೇರವಾಗಿ ಕೇಳ್ತಾಳೆ: ಇದು ನೀನು ದುಡಿದದ್ದಾ? ಆ ಮನೆಯಲ್ಲಿ ನಿಜವಾದ ಪರಾವಲಂಬಿ ಯಾರು ಅನ್ನೋದು ಅಲ್ಲಿಗೆ ಬಯಲು.

ನನ್ನದೊಂದು ತಕರಾರಿದೆ. ಅನಿತಾಳ ಮನಸ್ಸು ನಮಗೆ ಸಿಗೋದು ಗಂಡನ ಬಾಯಲ್ಲಿ ಮಾತ್ರ. ಅವಳು ಒಬ್ಬಳೇ ಇದ್ದಾಗ ಏನು ಯೋಚಿಸಿದಳು ಅನ್ನೋದು ಪುಸ್ತಕದಲ್ಲಿಲ್ಲ. ಹಾಗಂತ ಇದನ್ನು ಸೋಲು ಅನ್ನಲಾರೆ. ಅವಳು ಹೈದರಾಬಾದಿಗೆ ಹೋದವಳು ಇನ್ನೂ ವಾಪಸ್ ಬಂದಿಲ್ಲ. ಗಂಡ ಕಾಫಿ ಹೌಸಿನಲ್ಲಿ ಕೂತು ಎಲ್ಲ ಹೇಳ್ತಾನೆ, ಹುಡುಕಲು ಹೊರಡೋದಿಲ್ಲ. ಅವನ ಈ ಸುಮ್ಮನಿರುವಿಕೆಯೇ ಪುಸ್ತಕದ ಅತಿ ಭಯಾನಕ ಭಾಗ.

ಕೈತುಂಬ ಸಂಬಳ ತರುವ ನಾವು ಸ್ವಾತಂತ್ರ್ಯವನ್ನು ಪೇಸ್ಲಿಪ್ಪಿನಲ್ಲಿ ಅಳೀತೀವಿ. ಬಾಗಿಲಲ್ಲಿ ಪರಕೀಯ ಹೆಂಗಸೊಬ್ಬಳು ನಿಂತಾಗ ನಾವು ಯಾರ ಪರ ಮಾತಾಡ್ತೀವಿ ಅನ್ನೋದರಲ್ಲೂ ಅದನ್ನು ಅಳೆಯಬೇಕು. ಓದಿ. ಒಂದೇ ಸಂಜೆಗೆ ಮುಗಿಯುತ್ತೆ.