ಉಂಡ ಮನೆಯ ಹೆಸರು

ಕಝುವೊ ಇಶಿಗುರೊ ಅವರ 'ದಿ ರಿಮೇನ್ಸ್ ಆಫ್ ದಿ ಡೇ' (1989) ಕಾದಂಬರಿಯನ್ನು ಮೆಚ್ಚುವವರು ಸಾಮಾನ್ಯವಾಗಿ ಅದರಲ್ಲಿ ಹೇಳದೇ ಉಳಿದ ಪ್ರೀತಿಯ ಬಗ್ಗೆ ಮಾತಾಡುತ್ತಾರೆ. ನನ್ನನ್ನು ಕಾಡಿದ್ದು ಅದರೊಳಗಿನ ಒಂದು ಸಣ್ಣ ಸುಳ್ಳು.

ಇಂಗ್ಲೆಂಡಿನ ಡಾರ್ಲಿಂಗ್ಟನ್ ಹಾಲ್ ಎಂಬ ಹಳೆಯ ಬಂಗಲೆಯನ್ನು ಅಮೆರಿಕದ ಫ್ಯಾರಡೇ ಕೊಂಡಿದ್ದಾನೆ. ಮನೆಯ ಜೊತೆಗೆ ಬಟ್ಲರ್ ಸ್ಟೀವನ್ಸ್ ಕೂಡ ಅವನ ಪಾಲಿಗೆ ಬಂದಿದ್ದಾನೆ. ಅತಿಥಿಯಾಗಿ ಬಂದ ಶ್ರೀಮತಿ ವೇಕ್‌ಫೀಲ್ಡ್, ನೀನು ಲಾರ್ಡ್ ಡಾರ್ಲಿಂಗ್ಟನ್ ಹತ್ತಿರ ಕೆಲಸಕ್ಕಿದ್ದೆಯಾ ಎಂದು ಕೇಳಿದರೆ ಸ್ಟೀವನ್ಸ್ ಇಲ್ಲ ಎನ್ನುತ್ತಾನೆ. ಇದ್ದದ್ದು ಮೂವತ್ತೈದು ವರ್ಷ! ಅಸಲಿ ಮನೆ, ಅಸಲಿ ಬಟ್ಲರ್ ಎಂದು ಬೀಗಿದ್ದ ಫ್ಯಾರಡೇ ಆಕೆಯೆದುರು ಸುಳ್ಳುಗಾರನಾಗುತ್ತಾನೆ. ಆತ ವಿಚಾರಿಸಿದಾಗ ಸ್ಟೀವನ್ಸ್ ಕೊಡುವ ಸಮಜಾಯಿಷಿ ಸ್ವಾರಸ್ಯಕರ. ಹಿಂದಿನ ಧಣಿಯ ಮಾತು ಎತ್ತದಿರುವುದು ಇಲ್ಲಿನ ಪದ್ಧತಿ. ಎರಡನೆಯ ಗಂಡನ ಜೊತೆಗಿರುವ ಹೆಣ್ಣಿನೆದುರು ಅವಳ ಮೊದಲ ಮದುವೆಯ ಮಾತು ಆಡುತ್ತಾರೆಯೇ?

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತೇವೆ. ಸ್ಟೀವನ್ಸ್ ಜಂತೆ ಎಣಿಸುವುದಿಲ್ಲ, ಆ ಮನೆಯಲ್ಲಿ ಉಂಡೇ ಇಲ್ಲ ಎನ್ನುತ್ತಾನೆ. ಉರ್ದುವಿನಲ್ಲಿ ನಮಕ್‌ಹಲಾಲ್, ನಮಕ್‌ಹರಾಮ್ ಎಂಬ ಎರಡು ಮಾತುಗಳಿವೆ. ಇವನಿಗೆ ಯಾವುದು ಹೊಂದುತ್ತದೆ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಲಾರ್ಡ್ ಡಾರ್ಲಿಂಗ್ಟನ್ ನಾಜಿ ಜರ್ಮನಿಯ ಜೊತೆ ಸ್ನೇಹ ಬೆಳೆಸಲು ಹೊರಟು, ಯುದ್ಧದ ನಂತರ ಹೆಸರು ಕೆಡಿಸಿಕೊಂಡವನು. ಅವನ ಬಗ್ಗೆ ಜನರ ಅಸಂಬದ್ಧ ಮಾತು ಕೇಳಲಾರದೆ ಸುಳ್ಳು ಹೇಳಿದೆ, ನಾಚಿಕೆಯಿಂದಲ್ಲ ಎಂದು ಸ್ಟೀವನ್ಸ್ ನಮಗೆ ಹೇಳುತ್ತಾನೆ. ನಂಬಲು ಮನಸ್ಸಾಗುವುದಿಲ್ಲ. ಯಾಕೆಂದರೆ ಅದೇ ಮನೆಯಲ್ಲಿ ರೂತ್, ಸಾರಾ ಎಂಬ ಇಬ್ಬರು ಕೆಲಸದ ಹುಡುಗಿಯರನ್ನು ಯಹೂದಿಗಳೆಂಬ ಒಂದೇ ಕಾರಣಕ್ಕೆ ತೆಗೆದುಹಾಕಲಾಗಿತ್ತು. ಆ ಆಜ್ಞೆಯನ್ನು ಮಿಸ್ ಕೆಂಟನ್‌ಗೆ ಮುಟ್ಟಿಸಿದವನು ಇವನೇ, ರಾತ್ರಿ ಕೋಕೋ ಕುಡಿಯುತ್ತ. ತಾನೂ ಕೆಲಸ ಬಿಡುತ್ತೇನೆಂದು ಗುಡುಗಿದ ಆಕೆ ಬಿಡಲಿಲ್ಲ. ಹೋಗಲು ಬೇರೆ ಜಾಗವಿರಲಿಲ್ಲ ಎಂದು ಆಮೇಲೆ ಒಪ್ಪಿಕೊಂಡಳು. ಧಣಿಯೇ ಮುಂದೊಮ್ಮೆ ತಪ್ಪಾಯಿತು ಎಂದಾಗ, ನನಗೂ ಆಗ ಬೇಸರವಾಗಿತ್ತು ಎಂದು ಸ್ಟೀವನ್ಸ್ ಹೇಳುತ್ತಾನೆ. ಹಾಗಿದ್ದರೆ ಸದಾ ಯಾಕೆ ನಟಿಸುತ್ತೀರಿ ಎಂದು ಕೆಂಟನ್ ಕೇಳುತ್ತಾಳೆ. ಆಗ ಮನಸ್ಸನ್ನು ಮುಚ್ಚಿಟ್ಟವನು ಈಗ ಮನೆಯ ಹೆಸರನ್ನೇ ಮುಚ್ಚಿಡುತ್ತಿದ್ದಾನೆ.

ನನ್ನ ತಕರಾರು ಇಲ್ಲಿಂದ ಶುರು. ಆ ಹುಡುಗಿಯರಿಗೆ ಏನಾದರೂ ಪರಿಹಾರ ಕೊಡಬೇಕೆಂದು ಧಣಿ ಹೇಳುತ್ತಾನೆ; ಎಲ್ಲಿದ್ದಾರೋ ತಿಳಿಯುವುದು ಕಷ್ಟ ಎನ್ನುತ್ತಾನೆ ಸ್ಟೀವನ್ಸ್. ಅಲ್ಲಿಗೆ ಮುಗಿಯಿತು. ಅಂದಿನ ಇಂಗ್ಲೆಂಡಿನಲ್ಲಿ ಹಿಂದಿನ ಮನೆಯ ನಡತೆ ಪತ್ರವಿಲ್ಲದೆ ಮನೆಗೆಲಸ ಸಿಗುವುದು ಕಷ್ಟವಿತ್ತು. ಇದ್ದ ಮನೆಯ ಹೆಸರು ಹೇಳಿದರೆ ಬಿಟ್ಟದ್ದೇಕೆ ಎಂಬ ಪ್ರಶ್ನೆ. ಹೇಳದಿದ್ದರೆ ಅಷ್ಟು ವರ್ಷ ಎಲ್ಲಿದ್ದೆ ಎಂಬ ಪ್ರಶ್ನೆ. ಸ್ಟೀವನ್ಸ್‌ನ ಸುಳ್ಳಿಗೆ ಪುಟಗಟ್ಟಲೆ ಜಾಗ ಕೊಟ್ಟ ಲೇಖಕ ಇವರ ಪೇಚಿಗೆ ಒಂದು ಸಾಲನ್ನೂ ಕೊಟ್ಟಿಲ್ಲ. ಕಥೆ ಹೇಳುವವನು ಸ್ಟೀವನ್ಸ್, ಅವನಿಗೆ ಕಂಡಷ್ಟೇ ನಮಗೂ ಕಾಣುತ್ತದೆ ಎಂಬ ಉತ್ತರವಿದೆ. ಕಥೆಗಾರನಾಗಿ ನನಗದು ಅರ್ಥವಾಗುತ್ತದೆ. ಆದರೂ ಸಮಾಧಾನವಿಲ್ಲ.

ನಮ್ಮ ಬೀದಿಯ ಹೆಂಗಸೊಬ್ಬಳು ದೂರದ ಬಡಾವಣೆಯ ಮನೆಗಳಲ್ಲಿ ಬೇರೆ ಹೆಸರು ಹೇಳಿ ಪಾತ್ರೆ ತಿಕ್ಕುತ್ತಾಳೆ. ಹಿಂದೆ ಎಂಟು ವರ್ಷ ದುಡಿದ ಮನೆಯವರು ಒಳ್ಳೆಯವರು, ಫೋನಿನಲ್ಲಿ ನಾಲ್ಕು ಒಳ್ಳೆಯ ಮಾತು ಹೇಳುವವರೇ. ಆದರೆ ಅವರಿಗೆ ಇವಳ ನಿಜವಾದ ಹೆಸರು ಗೊತ್ತು. ಹಾಗಾಗಿ ಆ ಎಂಟು ವರ್ಷಗಳನ್ನು ಇವಳು ಎಲ್ಲೂ ಹೇಳುವಂತಿಲ್ಲ. ಹೊಸಬಳೆಂದು ಸಂಬಳವೂ ಕಡಿಮೆ.

ಜೇಮ್ಸ್ ಐವರಿ ನಿರ್ದೇಶಿಸಿದ ಸಿನಿಮಾ (1993) ಆ ಹುಡುಗಿಯರನ್ನು ಜರ್ಮನಿಯಿಂದ ಓಡಿಬಂದ ನಿರಾಶ್ರಿತರನ್ನಾಗಿಸಿ ಅವರ ಅಪಾಯವನ್ನು ಹೆಚ್ಚಿಸಿತು, ಒಳ್ಳೆಯದೇ. ಆದರೆ ಮನೆ ಕೊಳ್ಳುವವನನ್ನು ಡಾರ್ಲಿಂಗ್ಟನ್‌ನ ಹಳೆಯ ಅತಿಥಿಯನ್ನಾಗಿ ಮಾಡಿ, ಹೊಸ ಧಣಿಯ ಮಾನ ಕಳೆಯುವ ಆ ಸುಳ್ಳಿನ ಮೊನೆಯನ್ನು ಮೊಂಡಾಗಿಸಿತು.

ಕಾದಂಬರಿಯ ಕೊನೆಗೆ ವೇಮತ್ ಊರಿನ ಕಡಲ ತೀರದಲ್ಲಿ ಒಬ್ಬ ಅಪರಿಚಿತನೆದುರು ಸ್ಟೀವನ್ಸ್ ಡಾರ್ಲಿಂಗ್ಟನ್ ಹೆಸರು ಹೇಳಿ ಅಳುತ್ತಾನೆ. ಆಮೇಲೆ ಕಣ್ಣೊರೆಸಿಕೊಂಡು, ಫ್ಯಾರಡೇಯನ್ನು ಮೆಚ್ಚಿಸಲು ತಮಾಷೆ ಮಾತಾಡುವುದನ್ನು ಅಭ್ಯಾಸ ಮಾಡಬೇಕೆಂದುಕೊಳ್ಳುತ್ತಾನೆ. ಮೊದಲ ಓದಿನಲ್ಲಿ ಇದಕ್ಕೆ ನಕ್ಕಿದ್ದೆ. ಎರಡನೆಯ ಸಲ ಪುಸ್ತಕ ಮುಚ್ಚಿ ಸುಮ್ಮನೆ ಕೂತೆ.