ಇಂಗ್ಲಿಷ್ ಸಮಾಸ ವಿಶೇಷಣಗಳ ಸ್ವರಾಘಾತ: ಉಚ್ಚಾರಕೋಶಗಳ ವಿಮರ್ಶೆ

ಡೇನಿಯಲ್ ಜೋನ್ಸರ ಇಂಗ್ಲಿಷ್ ಉಚ್ಚಾರಕೋಶವು (1917) 'ಗುಡ್-ಲುಕಿಂಗ್', 'ಓಲ್ಡ್-ಫ್ಯಾಷನ್ಡ್' ಮೊದಲಾದ ಸಮಾಸ ವಿಶೇಷಣಗಳ ಎರಡು ಪದಗಳಿಗೂ ಸಮಾನ ಸ್ವರಾಘಾತದ ಗುರುತನ್ನು ಹಾಕಿತು. ಇದನ್ನು ತಪ್ಪೆನ್ನಲಾಗದು, ಅಪೂರ್ಣವೆನ್ನಬೇಕು. 'ಹಿ ಈಸ್ ಗುಡ್-ಲುಕಿಂಗ್' ಎಂಬಲ್ಲಿ ಪ್ರಧಾನ ಆಘಾತವು 'ಲುಕ್' ಎಂಬುದರ ಮೇಲೆ ನಿಲ್ಲುತ್ತದೆ. 'ಎ ಗುಡ್-ಲುಕಿಂಗ್ ಮ್ಯಾನ್' ಎಂದೊಡನೆ, ಮುಂದಿನ ನಾಮಪದದ ಆಘಾತಕ್ಕೆ ಎಡೆಗೊಟ್ಟು ಅದು 'ಗುಡ್' ಎಂಬುದಕ್ಕೆ ಸರಿಯುತ್ತದೆ. ಜೋನ್ಸರಿಗೆ ಇದು ತಿಳಿಯದ ಸಂಗತಿಯಲ್ಲ. ವಾಕ್ಯದ ಲಯವು ಇಂತಹ ಪದಗಳ ಒಂದು ಆಘಾತವನ್ನು ಅಡಗಿಸುವುದನ್ನು ಅವರೇ ವಿವರಿಸಿದ್ದಾರೆ. ಆದರೆ ಕೋಶವನ್ನು ತೆರೆಯುವ ವಿದ್ಯಾರ್ಥಿಯು ಪದವನ್ನು ನೋಡುತ್ತಾನೆಯೇ ಹೊರತು ವಿವರಣೆಯನ್ನಲ್ಲ. ಜೆ. ಸಿ. ವೆಲ್ಸರು 1990ರ ಲಾಂಗ್‌ಮನ್ ಉಚ್ಚಾರಕೋಶದಲ್ಲಿ, ಹೀಗೆ ಆಘಾತ ಸರಿಯುವ ಪದಗಳಿಗೆ ಪ್ರತ್ಯೇಕ ಚಿಹ್ನೆಯನ್ನೇ ಇಟ್ಟು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದರು.

ಸಮಾಸವು ನಾಮಪದವಾದರೆ ಆಘಾತ ಪೂರ್ವಪದಕ್ಕೆ, ವಿಶೇಷಣವಾದರೆ ಉತ್ತರಪದಕ್ಕೆ ಎಂಬ ಸುಲಭಸೂತ್ರವೊಂದು ತರಗತಿಗಳಲ್ಲಿ ರೂಢಿಯಲ್ಲಿದೆ. ಇದನ್ನು ನಾವು ಒಪ್ಪಲಾರೆವು. 'ಟೈಮ್-ಕನ್ಸ್ಯೂಮಿಂಗ್', 'ಲಾ-ಅಬೈಡಿಂಗ್', 'ಹಾರ್ಟ್-ಬ್ರೇಕಿಂಗ್' ಇವೆಲ್ಲವೂ ವಿಶೇಷಣಗಳೇ. ಆದರೂ ಆಘಾತವು ಪೂರ್ವಪದದ ಮೇಲಿದೆ, ವಾಕ್ಯದಲ್ಲಿ ಎಲ್ಲಿಟ್ಟರೂ ಕದಲುವುದಿಲ್ಲ. 'ಟೈಮ್' ಮತ್ತು 'ಹಾರ್ಟ್' ಎಂಬ ಪೂರ್ವಪದಗಳು ತಮ್ಮ ಕ್ರಿಯೆಗೆ ಕರ್ಮವಾಗಿರುವುದನ್ನು ಗಮನಿಸಬೇಕು. 'ಕಣ್ತೆರೆ', 'ಮೈಮರೆ' ಎಂಬ ಕ್ರಿಯಾಸಮಾಸಗಳನ್ನು ಬಿಡಿಸಬಲ್ಲ ಕನ್ನಡ ವಿದ್ಯಾರ್ಥಿಗೆ ಈ ಸಂಬಂಧವನ್ನು ಹೊಸದಾಗಿ ಕಲಿಸಬೇಕಿಲ್ಲ. 'ಬ್ಯಾಡ್-ಟೆಂಪರ್ಡ್', 'ಕೈಂಡ್-ಹಾರ್ಟೆಡ್' ಎಂಬವು ನಮ್ಮ ಬಹುವ್ರೀಹಿಗೆ ಸಮೀಪವಾದವು. ಉತ್ತರಪದಕ್ಕೆ ಪ್ರಧಾನ ಆಘಾತ ಬರುವುದೂ, ಅದು ಸ್ಥಾನಾನುಸಾರ ಸರಿಯುವುದೂ ಇಂತಹವುಗಳಲ್ಲಿಯೇ. ಪದಜಾತಿಗಿಂತ ಸಮಾಸಸಂಬಂಧವೇ ಇಲ್ಲಿ ಉತ್ತಮ ಮಾರ್ಗದರ್ಶಿ.

ಉಚ್ಚಾರಾಂಶಗಳ ವಿಭಾಗದ ವಿವಾದವು ಇನ್ನೂ ಹಳೆಯದು. ಡಿಲ್‌ವರ್ತನ ಪಾಠಪುಸ್ತಕದ 'ಕ್ಲ-ಸ್ಟರ್' ಎಂಬ ವಿಭಾಗವನ್ನು ಖಂಡಿಸಿ ನೋವಾ ವೆಬ್‌ಸ್ಟರನು 1783ರಲ್ಲಿ 'ಕ್ಲಸ್-ಟರ್', 'ಹ್ಯಾಬ್-ಇಟ್' ಎಂದು ಕಿವಿಗೆ ಕೇಳಿದಂತೆ ವಿಭಜಿಸಿದನು. ವ್ಯಂಜನವು ನೆರೆಯ ಎರಡು ಉಚ್ಚಾರಾಂಶಗಳಲ್ಲಿ ಹೆಚ್ಚು ಆಘಾತವುಳ್ಳದಕ್ಕೆ ಸೇರುತ್ತದೆಂಬ ವೆಲ್ಸರ ತತ್ತ್ವವೂ 'ಲುಕ್-ಇಂಗ್' ಎಂದೇ ಒಡೆಯುತ್ತದೆ. ಎರಡು ಶತಮಾನಗಳ ಅಂತರದ ಈ ಸಹಮತವು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಕುತೂಹಲಕರವಾಗಿ ತೋರುತ್ತದೆ. ನಮ್ಮ ಲಿಪಿಯಾದರೋ 'ಲು-ಕಿಂಗ್' ಎನ್ನುತ್ತದೆ. ಅಡ್ಡಗೆರೆಯನ್ನು ಬಿಟ್ಟು 'ಗುಡ್ಲುಕಿಂಗ್' ಎಂದು ಬರೆದರೆ 'ಗು-ಡ್ಲು-ಕಿಂಗ್' ಎಂದಾಗಿ, ಆಘಾತವನ್ನು ನಿರ್ಣಯಿಸುವ ಸಮಾಸದ ಸೀಮೆಯೇ ಕಣ್ಮರೆಯಾಗುತ್ತದೆ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದೆಣಿಸುವ ನಮ್ಮ ಛಂದಸ್ಸು ಆ ಡಕಾರದ ಭಾರವನ್ನು 'ಗು' ಎಂಬುದಕ್ಕೇ ಕೊಡುತ್ತದೆ. ಉಚ್ಚಾರವನ್ನು ಕಲಿಸುವವರು ಲಿಪಿಯನ್ನು ಬಿಟ್ಟು ಅಲ್ಲಿಂದ ಆರಂಭಿಸಬಹುದು.