ಬೆಳೆಯಗೊಡದ ಮದ್ದು

ಕಣಜದ ಮದ್ದಿನ ಗುಣವನ್ನು ನಾವು ಸತ್ತು ಬಿದ್ದ ಹುಳುಗಳ ಲೆಕ್ಕದಲ್ಲಿ ಅಳೆಯುತ್ತೇವೆ. ಮೆಥೊಪ್ರೀನ್ ಆ ಅಳತೆಗೆ ಸಿಗುವುದಿಲ್ಲ. ಅದನ್ನು ಸಿಂಪಡಿಸಿದ ಗೋಧಿಯಲ್ಲಿ ಬಲಿತ ದುಂಬಿಗಳು ಮೊದಲಿನಂತೆಯೇ ಓಡಾಡಿಕೊಂಡಿರುತ್ತವೆ; ಅವುಗಳ ಮುಂದಿನ ಪೀಳಿಗೆ ಮಾತ್ರ ಮೇಲೇಳುವುದಿಲ್ಲ. ಕೀಟದ ಮೈಯಲ್ಲಿರುವ ಜುವೆನೈಲ್ ಹಾರ್ಮೋನು ಮರಿಯನ್ನು ಮರಿಯಾಗಿಯೇ ಇಡುತ್ತದೆ. ಕೋಶ ಕಟ್ಟುವ ಹೊತ್ತಿಗೆ ಅದು ಇಳಿದುಹೋಗಬೇಕು. ಅದರದೇ ಕೆಲಸ ಮಾಡುವ ಮೆಥೊಪ್ರೀನ್ ಮೈಸೇರಿದರೆ ಆ ಇಳಿತಕ್ಕೆ ಬೆಲೆಯಿಲ್ಲ. ಹುಳು ಅತ್ತ ಮರಿಯೂ ಅಲ್ಲದೆ ಇತ್ತ ದುಂಬಿಯೂ ಆಗದೆ ಸಾಯುತ್ತದೆ. ಈ ಹಾರ್ಮೋನು ಮನುಷ್ಯರಲ್ಲಾಗಲಿ ದನಕರುಗಳಲ್ಲಾಗಲಿ ಇಲ್ಲ. ತಿನ್ನುವ ಕಾಳಿಗೆ ಬೆರೆಸುವ ವಸ್ತುವಿಗೆ ಇದು ಸಣ್ಣ ಅರ್ಹತೆಯಲ್ಲ.

ಹಾರ್ವರ್ಡಿನ ಕೀಟವಿಜ್ಞಾನಿ ಕ್ಯಾರಲ್ ವಿಲಿಯಮ್ಸ್ 1967ರಲ್ಲಿ ಇಂಥವನ್ನು ಮೂರನೇ ತಲೆಮಾರಿನ ಕೀಟನಾಶಕಗಳೆಂದು ಕರೆದರು. ತನ್ನದೇ ಹಾರ್ಮೋನಿಗೆ ಕೀಟ ನಿರೋಧ ಬೆಳೆಸಿಕೊಳ್ಳಲಾರದು ಎಂಬ ಭರವಸೆ ಆಗ ಇತ್ತು. ಆದರೆ ಬೇರೆ ಕೀಟನಾಶಕಗಳನ್ನು ಜೀರ್ಣಿಸಿಕೊಂಡ ಮನೆನೊಣಗಳು ಇಂಥ ಸಂಯುಕ್ತವನ್ನೂ ತಡೆದುಕೊಳ್ಳಬಲ್ಲವೆಂದು 1972ರಲ್ಲೇ ವರದಿಯಾಯಿತು. ಕಣಜದ ಪಾಠವನ್ನು ಕಲಿಸಿದ್ದು ಆಸ್ಟ್ರೇಲಿಯಾ. ಅಲ್ಲಿ ಸಣ್ಣ ಧಾನ್ಯಕೊರಕ ದುಂಬಿ ಹಳೆಯ ರಂಜಕ ಕೀಟನಾಶಕಗಳಿಗೆ ಬಗ್ಗದೆ ಹೋದಾಗ ಮೆಥೊಪ್ರೀನ್ ನೆರವಿಗೆ ಬಂತು. ಕಾಳಿನ ಮೇಲೆ ತಿಂಗಳುಗಟ್ಟಲೆ ಸತ್ವ ಕೆಡದೆ ಉಳಿಯುವುದು ಅದರ ದೊಡ್ಡ ಬಲ. ಆದರೆ ಆ ಕೊರಕದಲ್ಲೂ ಮುಂದೆ ನಿರೋಧ ಕಾಣಿಸಿಕೊಂಡಿತು.

ಅದಕ್ಕಿಂತ ಮೂಲದ ಮಿತಿಯೊಂದಿದೆ. ಅದು ಹುಳುವಿನ ಬದುಕಿನ ರೀತಿಯಲ್ಲೇ ಇದೆ. ಧಾನ್ಯಕೊರಕ ಕಾಳಿನ ಹೊರಗೆ ಮೊಟ್ಟೆಯಿಡುತ್ತದೆ. ಮರಿ ಸಿಪ್ಪೆಯ ಮೇಲೆ ಹರಿದಾಡಿ, ಮದ್ದು ಸೋಕಿಸಿಕೊಂಡೇ ಒಳಗೆ ಕೊರೆಯುತ್ತದೆ. ಮೂತಿಹುಳು ಹಾಗಲ್ಲ. ಅದು ಕಾಳಿಗೆ ತೂತು ಕೊರೆದು ಮೊಟ್ಟೆಯಿಟ್ಟು ಬಾಯಿ ಮುಚ್ಚಿಬಿಡುತ್ತದೆ. ಮರಿ ಹುಟ್ಟಿ, ತಿಂದು, ಬಲಿಯುವುದೆಲ್ಲ ಒಳಗೇ. ಮೇಲೆ ಹೊಡೆದ ಮೆಥೊಪ್ರೀನಿಗೂ ಅದಕ್ಕೂ ಭೇಟಿಯೇ ಅಪರೂಪ. ಹೀಗಾಗಿ ಇದನ್ನು ಕ್ಲೋರ್‌ಪೈರಿಫಾಸ್-ಮೀಥೈಲಿನಂಥ ಕೊಲ್ಲುವ ಮದ್ದಿನ ಜೊತೆ ಬೆರೆಸಿ ಬಳಸುವುದು ಆಸ್ಟ್ರೇಲಿಯಾದಲ್ಲಿ ರೂಢಿ. ಹಾಗೆ ಬೆರೆಸಿದ ಕೂಡಲೇ ನಿರುಪದ್ರವಿ ಎಂಬ ಹೊಗಳಿಕೆಯ ಅರ್ಧ ಕರಗುತ್ತದೆ. ಶೇಷವೇ ಇಲ್ಲದ ಧಾನ್ಯ ಬೇಕೆನ್ನುವ ಖರೀದಿದಾರರ ಮುಂದೆ ಉಳಿದರ್ಧಕ್ಕೂ ಬೆಲೆ ಕಡಿಮೆ.

ನಮ್ಮ ಗೋದಾಮುಗಳಿಗೆ ಇದು ಹೊಂದೀತೆ? ಸರಕಾರಿ ದಾಸ್ತಾನಿನಲ್ಲಿ ಈಗ ನಡೆಯುವುದು ಚೀಲದ ಅಟ್ಟಿಗಳ ಮೇಲೆ ಕೀಟನಾಶಕದ ಸಿಂಪಡಣೆ, ಹೊದಿಕೆ ಹಾಕಿ ಫಾಸ್ಫೀನ್ ಧೂಪನ. ಅನಿಲ ಕಾಳಿನ ಒಳಗೂ ಇಳಿದು ಮೊಟ್ಟೆ, ಮರಿ, ಕೋಶ ಎಲ್ಲವನ್ನೂ ತಲುಪುತ್ತದೆ. ಆದರೆ ಫಾಸ್ಫೀನಿಗೂ ಹುಳುಗಳು ಒಗ್ಗುತ್ತಿವೆ. ಹಾಗಾಗಿ ಪರ್ಯಾಯದ ಹುಡುಕಾಟ ನ್ಯಾಯವಾದದ್ದೇ. ಆದರೂ ಮೆಥೊಪ್ರೀನ್ ಸಾಗಣೆ ಪಟ್ಟಿಯ ಮೇಲೆ ಹರಿಯುವ ಬಿಡಿ ಧಾನ್ಯಕ್ಕೆ, ಸೈಲೊಗಳಿಗೆ ಒಗ್ಗುವ ವಿಧಾನ. ಹೊಲಿದಿಟ್ಟ ಗೋಣಿಚೀಲದೊಳಗಿನ ಪ್ರತಿ ಕಾಳಿಗೂ ಅದನ್ನು ಲೇಪಿಸುವುದು ಆಗದ ಮಾತು. ತೊಗರಿ, ಹೆಸರು ಕೊರೆಯುವ ದುಂಬಿಯದು ಇನ್ನೂ ಕಷ್ಟ: ಮೊಟ್ಟೆ ಕಾಳಿಗೆ ಅಂಟಿರುತ್ತದೆ, ಮರಿ ಅದರ ಅಡಿಯಿಂದಲೇ ನೇರವಾಗಿ ಒಳಗಿಳಿಯುತ್ತದೆ.

ಹುಳು ಹಿಡಿದ ದಾಸ್ತಾನನ್ನು ಈ ಮದ್ದು ಉಳಿಸಲಾರದು. ಬಲಿತ ದುಂಬಿ ತಿನ್ನುತ್ತಲೇ ಇರುತ್ತದೆ. ಶುಚಿಯಾದ, ಚೆನ್ನಾಗಿ ಒಣಗಿದ ಗೋಧಿಯನ್ನು ಸೈಲೊಗೆ ತುಂಬುವ ದಿನವೇ, ಧಾನ್ಯಕೊರಕದ ಭಯವಿರುವ ಕಡೆ, ಬೇರೆ ಮದ್ದುಗಳೊಂದಿಗೆ ಸರದಿಯಲ್ಲಿ ಬಳಸಿದರೆ ಮೆಥೊಪ್ರೀನ್ ಒಳ್ಳೆಯ ಕಾವಲು. ಮೂತಿಹುಳು ತುಂಬಿದ ಅಕ್ಕಿಗೂ ಮನೆಯ ತೊಗರಿ ಡಬ್ಬಕ್ಕೂ ಇದನ್ನೇ ಶಿಫಾರಸು ಮಾಡುವವರು ಮದ್ದನ್ನು ಓದಿದ್ದಾರೆ, ಹುಳುವನ್ನು ಓದಿಲ್ಲ.